ಖಾಲಿ ಕಾಣುವ ಕೊಠಡಿ: ಹಿರಿಯರ ಸಮುದಾಯ ಕೇಂದ್ರದಲ್ಲಿ ಸ್ಥಳದ ಹಂಚಿಕೆ ಮತ್ತು ಬಾಡಿಗೆ

ಆತ್ಮೀಯರೇ,

ಹಿರಿಯರ ಸಮುದಾಯ ಕೇಂದ್ರದಲ್ಲಿ ಕೊಠಡಿಗಳ ಹಂಚಿಕೆ ನೋಡಿಕೊಳ್ಳುವ ಕೆಲಸ ಹೊರಗಿನವರಿಗೆ ಬಹಳ ಚಿಕ್ಕದಾಗಿ ಕಾಣುತ್ತದೆ. ಒಂದು ವೇಳಾಪಟ್ಟಿ, ನಾಲ್ಕಾರು ಬೀಗದ ಕೈ, ಒಂದು ರಸೀದಿ ಪುಸ್ತಕ ಇದ್ದರೆ ಸಾಕು ಎಂದು ಈ ಕೆಲಸ ಕೈಗೆತ್ತಿಕೊಂಡಾಗ ನಾನೂ ಅಂದುಕೊಂಡಿದ್ದೆ. ಆ ಎಣಿಕೆ ತಪ್ಪೆಂದು ತಿಳಿದದ್ದು ಒಂದು ಸಣ್ಣ ಘಟನೆಯಿಂದ. ಪ್ರತಿ ವಾರ ಒಂದೇ ಕೊಠಡಿಯಲ್ಲಿ, ಒಂದೇ ಹೊತ್ತಿಗೆ ಸೇರಿ ಹಾಡುತ್ತಿದ್ದ ಗುಂಪೊಂದನ್ನು ಬಾಡಿಗೆದಾರರೊಬ್ಬರ ಅನುಕೂಲಕ್ಕಾಗಿ ಆ ಒಂದು ವಾರದ ಮಟ್ಟಿಗೆ ಮೇಲಿನ ಮಹಡಿಗೆ ಕಳಿಸಿದೆ. ಫಲಕದ ಮೇಲೆ ಬರೆಸಿದ್ದೆ, ಫೋನನ್ನೂ ಮಾಡಿಸಿದ್ದೆ. ಆದರೂ ಹಿರಿಯರೊಬ್ಬರು ಅಭ್ಯಾಸದಂತೆ ಕೆಳಗಿನ ಬಾಗಿಲು ತೆರೆದು, ಒಳಗೆ ಅಪರಿಚಿತ ಮುಖಗಳನ್ನು ಕಂಡು, ಕ್ಷಮೆ ಕೇಳಿ ಹೊರಬಂದು, ಯಾರನ್ನೂ ವಿಚಾರಿಸದೆ ಮನೆಗೆ ಹೊರಟುಹೋದರು. ಆಮೇಲೆ ಮೂರು ವಾರ ಅವರ ಸುಳಿವಿರಲಿಲ್ಲ. ತಾವು ದಿನ ತಪ್ಪಿಸಿಕೊಂಡೆವು, ನೆನಪು ಕೈಕೊಡುತ್ತಿದೆ ಎಂದು ಅವರು ಒಳಗೊಳಗೇ ಹೆದರಿದ್ದರೆಂದು ತಡವಾಗಿ ತಿಳಿಯಿತು. ಅವರ ನೆನಪು ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ವೇಳಾಪಟ್ಟಿ.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಘಟನೆಯಿಂದ ಹೊರಟದ್ದು. ಹಿರಿಯರ ಕೇಂದ್ರದ ವೇಳಾಪಟ್ಟಿ ಎಂದರೆ ಸದಸ್ಯರಿಗೆ ಕೊಟ್ಟ ಮಾತು. ಆ ಮಾತನ್ನು ಉಳಿಸಿಕೊಂಡ ಮೇಲೆ ಮಿಕ್ಕ ಹೊತ್ತು ಯಾವುದೋ ಅದನ್ನಷ್ಟೇ ಬಾಡಿಗೆಗೆ ಕೊಡಬೇಕು. ಬಾಡಿಗೆಯ ಹಣದಿಂದ ವಿದ್ಯುತ್ ಬಿಲ್ಲು ತುಂಬುತ್ತದೆ, ಕುರ್ಚಿ ದುರಸ್ತಿಯಾಗುತ್ತದೆ, ಸದಸ್ಯರ ತರಗತಿಗಳು ಕಡಿಮೆ ಶುಲ್ಕದಲ್ಲಿ ನಡೆಯುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು, ಆದ್ದರಿಂದ ಬಾಡಿಗೆಯೇ ಬೇಡವೆಂಬ ವಾದ ನನ್ನದಲ್ಲ. ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮ ಮಾತ್ರ ಕದಲಬಾರದು.

ಒಂದೇ ದಿನ, ಒಂದೇ ಹೊತ್ತು, ಒಂದೇ ಕೊಠಡಿ ಎಂಬ ನಿಯಮಕ್ಕೆ ಇಷ್ಟು ಮಹತ್ವವೇಕೆ? ನೆನಪನ್ನು ಅಧ್ಯಯನ ಮಾಡುವ ಮನೋವಿಜ್ಞಾನಿಗಳು, ಮುಂದೆ ಮಾಡಬೇಕಾದ ಕೆಲಸವನ್ನು ತಕ್ಕ ಹೊತ್ತಿಗೆ ನೆನೆಯುವ ಶಕ್ತಿಯನ್ನು ಒಂದು ಪ್ರತ್ಯೇಕ ವಿಷಯವಾಗಿಯೇ ನೋಡುತ್ತಾರೆ. ಪ್ರಯೋಗಾಲಯದಲ್ಲಿ ಇಂಥ ಪರೀಕ್ಷೆ ಕೊಟ್ಟಾಗ ವಯಸ್ಸಾದವರು ಸಾಮಾನ್ಯವಾಗಿ ಕಿರಿಯರಿಗಿಂತ ಹಿಂದೆ ಬೀಳುತ್ತಾರೆ, ಆದರೆ ಅದೇ ಬಗೆಯ ಕೆಲಸವನ್ನು ಅವರ ದಿನನಿತ್ಯದ ಬದುಕಿನೊಳಗೆ ಇಟ್ಟರೆ ಕಿರಿಯರಿಗೆ ಸಮನಾಗಿ, ಎಷ್ಟೋ ಸಲ ಅವರಿಗಿಂತ ಚೆನ್ನಾಗಿ ನಿಭಾಯಿಸುತ್ತಾರೆ. ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು, ಕ್ರಮಬದ್ಧವಾದ ದಿನಚರಿಯೂ ಅದಕ್ಕೆ ಹೆಣೆದುಕೊಂಡ ಗುರುತುಗಳೂ ಅವರಿಗೆ ಆಸರೆಯಾಗಿ ನಿಲ್ಲುತ್ತವೆ ಎಂಬುದು. ಬೆಳಗಿನ ಔಷಧಿಯಾದ ಮೇಲೆ ಹೊರಡುವುದು, ಇಂಥ ಬಸ್ಸನ್ನೇ ಹಿಡಿಯುವುದು, ಪ್ರವೇಶದ್ವಾರದಿಂದ ಎಡಕ್ಕೆ ಎರಡನೆಯ ಬಾಗಿಲಿಗೇ ಹೋಗುವುದು ಇವೆಲ್ಲ ಆ ಹೆಣಿಗೆಯ ಎಳೆಗಳು. ನಾವು ಕೊಠಡಿ ಬದಲಿಸಿದಾಗ ನಮ್ಮ ಪುಸ್ತಕದಲ್ಲಿ ಒಂದೇ ಸಾಲು ಬದಲಾಗುತ್ತದೆ, ಅವರ ದಿನದಲ್ಲಿ ಹಲವು ಎಳೆಗಳು ಒಟ್ಟಿಗೆ ಸಡಿಲವಾಗುತ್ತವೆ.

ಅದೃಷ್ಟಕ್ಕೆ, ಸದಸ್ಯರ ಅಗತ್ಯವೂ ಬಾಡಿಗೆದಾರರ ಅಗತ್ಯವೂ ಬಹುಮಟ್ಟಿಗೆ ಬೇರೆ ಬೇರೆ ಹೊತ್ತಿನವು. ಹಿರಿಯರ ಕೇಂದ್ರ ಎಂಬ ಕಲ್ಪನೆ ಹುಟ್ಟಿದ್ದೇ ಹಗಲಿನ ಹೊತ್ತಿಗಾಗಿ. ಅಮೆರಿಕದ ಮೊದಲ ಹಿರಿಯರ ಕೇಂದ್ರವೆಂದು ಸಾಮಾನ್ಯವಾಗಿ ಗುರುತಿಸಲಾಗುವ, 1943ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ವಿಲಿಯಂ ಹಾಡ್ಸನ್ ಕೇಂದ್ರವಾಗಲಿ, 1973ರಲ್ಲಿ ಫ್ರಾನ್ಸಿನ ತುಲೂಸಿನಲ್ಲಿ ಪಿಯೆರ್ ವೆಲ್ಲಾ ಅವರು ನಿವೃತ್ತರಿಗಾಗಿ ತೆರೆದ ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯವಾಗಲಿ, ಉಳಿದವರು ದುಡಿಮೆಯಲ್ಲಿ ಮುಳುಗಿರುವ ಹೊತ್ತಿನಲ್ಲಿ ಬಿಡುವಿರುವವರನ್ನು ಒಂದೆಡೆ ಸೇರಿಸಿದವು. ಬಾಡಿಗೆಗೆ ಕೇಳುವವರು ಹೆಚ್ಚಾಗಿ ಸಂಜೆ ಮತ್ತು ವಾರದ ಕೊನೆಯ ದಿನಗಳನ್ನು ಬಯಸುತ್ತಾರೆ. ಹೀಗಿರುವಾಗ ಜಗಳ ಹುಟ್ಟುವುದು ಈ ಎರಡು ಹೊತ್ತುಗಳು ಒಂದನ್ನೊಂದು ಮುಟ್ಟುವ ಅಂಚಿನಲ್ಲಿ. ಮಧ್ಯಾಹ್ನ 4 ಗಂಟೆಯಿಂದ 6 ಗಂಟೆಯವರೆಗಿನ ಅವಧಿಯನ್ನು ನೀವು ಚೆನ್ನಾಗಿ ಆಳಿದಿರಾದರೆ ನಿಮ್ಮ ಕೆಲಸದ ಅರ್ಧ ಭಾರ ಇಳಿದಂತೆ.

ಅಂಚಿನಲ್ಲಿ ಆಗುವ ತಪ್ಪು ಬಹುತೇಕ ಒಂದೇ ಬಗೆಯದು. ತರಗತಿ 3ರಿಂದ 4ರವರೆಗೆ, ಬಾಡಿಗೆ 4ರಿಂದ 7ರವರೆಗೆ ಎಂದು ಬರೆದರೆ ಕಾಗದದ ಮೇಲೆ ಯಾವ ಘರ್ಷಣೆಯೂ ಕಾಣುವುದಿಲ್ಲ. ನಿಜದಲ್ಲಿ ತರಗತಿ ಮುಗಿದ ಮೇಲೆ ಸದಸ್ಯರು ಎದ್ದು, ಕೋಲು, ಚೀಲ, ಕನ್ನಡಕಗಳನ್ನು ಹುಡುಕಿಕೊಂಡು, ನಾಲ್ಕು ಮಾತಾಡಿ ಹೊರಡಬೇಕು. ಆ ನಾಲ್ಕು ಮಾತಿಗಾಗಿಯೇ ಬಂದವರೂ ಅವರಲ್ಲಿರುತ್ತಾರೆ. ಅದಾದ ಮೇಲೆ ಯಾರೋ ಕುರ್ಚಿಗಳನ್ನು ವೃತ್ತದಿಂದ ಸಾಲಿಗೆ ತಿರುಗಿಸಬೇಕು, ನೆಲ ಒರೆಸಬೇಕು, ಒರೆಸಿದ ನೆಲ ಒಣಗಬೇಕು. ಒದ್ದೆ ನೆಲದ ಮೇಲೆ ಜಾರಿದರೆ ಇಪ್ಪತ್ತರ ಹರೆಯದವರು ಎದ್ದು ನಡೆಯುತ್ತಾರೆ, ಎಂಬತ್ತರವರಿಗೆ ಸೊಂಟದ ಮೂಳೆ ಮುರಿಯಬಹುದು. ಹಾಗಾಗಿ ನೆಲ ಒಣಗುವ ಹದಿನೈದು ನಿಮಿಷವನ್ನೂ ನಾನು ವೇಳಾಪಟ್ಟಿಯಲ್ಲಿ ಒಂದು ಕಾರ್ಯಕ್ರಮದಂತೆಯೇ ಬರೆಯುತ್ತೇನೆ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಾಡಿಗೆದಾರರ ಕಡೆಯಿಂದಲೂ ಇದೇ ಲೆಕ್ಕ. ಅವರು 3 ಗಂಟೆ ಅವಧಿಯ ಕಾರ್ಯಕ್ರಮಕ್ಕೆ ಕೇಳುವಾಗ ಜೋಡಣೆಗೆ ಒಂದು ಗಂಟೆ, ತೆರವಿಗೆ ಒಂದು ಗಂಟೆ ಬೇಕೆಂಬುದನ್ನು ಹೇಳಿರುವುದಿಲ್ಲ, ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಕಾರ್ಯಕ್ರಮ ಶುರುವಾಗುವ ಹೊತ್ತನ್ನು ಕೇಳುವುದರ ಜೊತೆಗೆ, ನಿಮ್ಮ ಕಡೆಯ ಮೊದಲ ವ್ಯಕ್ತಿ ಎಷ್ಟು ಹೊತ್ತಿಗೆ ಒಳಗೆ ಬರುತ್ತಾರೆ, ಕೊನೆಯ ವ್ಯಕ್ತಿ ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತಾರೆ ಎಂದು ಕೇಳಿ. ಬಾಡಿಗೆಯೂ ಆ ಇಡೀ ಅವಧಿಗೇ ಇರಲಿ.

ಲಿಫ್ಟಿನ ಬಗ್ಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ವಾಕರ್ ಹಿಡಿದವರು, ಗಾಲಿಕುರ್ಚಿಯವರು ಸೇರಿದರೆ ಒಂದು ಸಲಕ್ಕೆ ನಾಲ್ವರು ಹಿಡಿಸಬಹುದು ಎಂದಿಟ್ಟುಕೊಳ್ಳಿ, ಹೋಗಿ ಬರಲು 2 ನಿಮಿಷ. 40 ಮಂದಿ ಕೆಳಗಿಳಿಯಲು 20 ನಿಮಿಷ ಬೇಕು. ಮೇಲಿನ ಮಹಡಿಯ ಎರಡು ಕೊಠಡಿಗಳ ಕಾರ್ಯಕ್ರಮ ಒಟ್ಟಿಗೆ ಮುಗಿದರೆ 40 ನಿಮಿಷ, ಅಷ್ಟು ಹೊತ್ತು ಕೆಲವರು ನಿಂತೇ ಇರಬೇಕಾಗುತ್ತದೆ. ಒಂದನ್ನು 20 ನಿಮಿಷ ಮೊದಲು ಮುಗಿಸಿದರೆ ಸಾಕು, ಆ ಕಾಯುವಿಕೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಅಕ್ಕಪಕ್ಕದ ಕೊಠಡಿಗಳಲ್ಲಿ ಏನೇನು ಒಟ್ಟಿಗೆ ನಡೆಯಬಹುದು ಎಂಬುದನ್ನು ಸಾಕಷ್ಟು ಕೇಂದ್ರಗಳು ಯೋಚಿಸುವುದೇ ಇಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸುತ್ತ ಗದ್ದಲ ಹೆಚ್ಚಿದಂತೆ ಮಾತಾಡುವವರು ತಮಗರಿವಿಲ್ಲದೆಯೇ ದನಿ ಏರಿಸುತ್ತಾರೆ. ಫ್ರಾನ್ಸಿನ ಕಿವಿ ತಜ್ಞ ಎಟಿಯೆನ್ ಲೊಂಬಾರ್ ಇದನ್ನು 1911ರಲ್ಲಿ ವಿವರಿಸಿದರು, ಇಂದಿಗೂ ಅದು ಅವರ ಹೆಸರಿನಿಂದಲೇ ಪರಿಚಿತ. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದ ಮೇಜಿನವರೂ ಏರಿಸುತ್ತಾರೆ, ಹೀಗೆ ಇಡೀ ಸಭಾಂಗಣದ ಗದ್ದಲ ತಾನಾಗಿ ಬೆಳೆಯುತ್ತದೆ. ವಯಸ್ಸಿನೊಂದಿಗೆ ಬರುವ ಕಿವುಡಿನಲ್ಲಿ ಮೊದಲು ಕುಗ್ಗುವುದು ಎತ್ತರದ ಸ್ವರಗಳನ್ನು ಹಿಡಿಯುವ ಶಕ್ತಿ, ವ್ಯಂಜನಗಳ ಸ್ಪಷ್ಟತೆ ಇರುವುದೂ ಬಹುಪಾಲು ಅಲ್ಲಿಯೇ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಇಂಥವರು ತುಂಬಿರುವ ಓದುವ ಬಳಗವನ್ನು ನೃತ್ಯದ ತರಗತಿಯ ಪಕ್ಕದ ಕೊಠಡಿಗೆ ಹಾಕಿದರೆ, ಸ್ಥಳ ಕೊಟ್ಟ ಲೆಕ್ಕವಾಯಿತೇ ಹೊರತು ಸ್ಥಳ ಕೊಟ್ಟಂತಾಗಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆಯೊಂದಿದೆ. ಕೆಲವು ಕೇಂದ್ರಗಳಲ್ಲಿ ಶ್ರವಣ ಸಾಧನ ಬಳಸುವವರಿಗಾಗಿ ಕೊಠಡಿಯ ಸುತ್ತ ತಂತಿಯ ಸುರುಳಿ ಅಳವಡಿಸಿರುತ್ತಾರೆ. ಮೈಕಿನಲ್ಲಿ ಆಡಿದ ಮಾತು ಆ ತಂತಿಯ ಮೂಲಕ ಕಾಂತಕ್ಷೇತ್ರವಾಗಿ ಹರಡಿ, ಶ್ರವಣ ಸಾಧನದೊಳಗಿನ ಪುಟ್ಟ ಸುರುಳಿ ಅದನ್ನು ಗ್ರಹಿಸಿ, ಗದ್ದಲವಿಲ್ಲದ ಸ್ವಚ್ಛ ಮಾತಾಗಿ ಕಿವಿಗೆ ಮುಟ್ಟಿಸುತ್ತದೆ. ಬಹಳ ಉಪಕಾರಿಯಾದ ವ್ಯವಸ್ಥೆ ಇದು. ಆದರೆ ಕಾಂತಕ್ಷೇತ್ರಕ್ಕೆ ಗೋಡೆ ಎಂಬುದಿಲ್ಲ. ಪಕ್ಕದ ಕೊಠಡಿಯಲ್ಲೋ ಮೇಲಿನ ಮಹಡಿಯಲ್ಲೋ ಇನ್ನೊಂದು ಸುರುಳಿ ಕೆಲಸ ಮಾಡುತ್ತಿದ್ದರೆ, ಒಂದೆಡೆ ಆರೋಗ್ಯದ ಉಪನ್ಯಾಸ ಕೇಳುತ್ತಿರುವವರ ಕಿವಿಯೊಳಗೆ ಇನ್ನೊಂದೆಡೆಯ ಮಾತು ಸೋರಿ ಬರಬಹುದು, ಅವರ ಪಕ್ಕದಲ್ಲೇ ಕುಳಿತವರಿಗೆ ಅದರ ಸುಳಿವೂ ಇರುವುದಿಲ್ಲ. ಸೋರಿಕೆ ತಗ್ಗಿಸುವ ವಿನ್ಯಾಸಗಳಿವೆ, ಅವು ಇಲ್ಲದ ಕಟ್ಟಡದಲ್ಲಿ ವೇಳಾಪಟ್ಟಿಯೇ ಆ ಕೆಲಸ ಮಾಡಬೇಕು: ಅಂಥ ಎರಡು ಕೊಠಡಿಗಳಿಗೆ ಒಂದೇ ಹೊತ್ತಿನಲ್ಲಿ ಮೈಕಿನ ಕಾರ್ಯಕ್ರಮ ಕೊಡಬಾರದು. ಬಾಡಿಗೆದಾರರ ಸಭೆಯಲ್ಲಿ ಗೋಪ್ಯದ ಮಾತುಕತೆ ಇದ್ದರಂತೂ ಈ ಸೋರಿಕೆಯ ವಿಷಯವನ್ನು ಅವರಿಗೆ ಮೊದಲೇ ತಿಳಿಸುವುದು ನಮ್ಮ ಹೊಣೆ.

ಇನ್ನು ಮರುಕಳಿಸುವ ಕಾಯ್ದಿರಿಸುವಿಕೆ. ನನ್ನ ಅನುಭವದಲ್ಲಿ ಒಂದೇ ಕೊಠಡಿ ಇಬ್ಬರಿಗೆ ಹೋಗುವ ಪ್ರಸಂಗಗಳ ಬೇರು ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಒಂದು ಗುಂಪು 'ಎರಡು ವಾರಕ್ಕೊಮ್ಮೆ ಮಂಗಳವಾರ' ಎನ್ನುತ್ತದೆ, ಇನ್ನೊಂದು ಗುಂಪು 'ತಿಂಗಳ ಎರಡನೆಯ ಮತ್ತು ನಾಲ್ಕನೆಯ ಮಂಗಳವಾರ' ಎನ್ನುತ್ತದೆ. ಮೊದಲ ತಿಂಗಳಲ್ಲಿ ಮೊದಲ ಗುಂಪಿನವರು ಒಂದನೆಯ, ಮೂರನೆಯ ವಾರ ಬರುತ್ತಾರೆ, ಎಲ್ಲವೂ ಹೊಂದಿಕೊಂಡಂತೆ ತೋರುತ್ತದೆ. ಎರಡು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 26 ಸಲ, ತಿಂಗಳಿಗೆ ಎರಡು ಎಂದರೆ 24 ಸಲ. ವರ್ಷದಲ್ಲಿ ವಾರದ ಯಾವುದೇ ದಿನವಾದರೂ 52 ಅಥವಾ 53 ಸಲ ಬರುವುದರಿಂದ ನಾಲ್ಕೋ ಐದೋ ತಿಂಗಳುಗಳಲ್ಲಿ ಐದು ಮಂಗಳವಾರಗಳು ಬಂದೇ ಬರುತ್ತವೆ. ಮೊದಲ ಐದನೆಯ ಮಂಗಳವಾರ ದಾಟಿದ ಕೂಡಲೇ ಒಂದು ಗುಂಪಿನ ಎಣಿಕೆ ಒಂದು ವಾರ ಸರಿದು, ಎರಡೂ ಗುಂಪುಗಳು ಒಂದೇ ಬಾಗಿಲ ಮುಂದೆ ನಿಲ್ಲುತ್ತವೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ತಪ್ಪು ಬರೆದಿಲ್ಲ. ಎರಡು ಎಣಿಕೆಗಳು ಒಂದೇ ಪುಸ್ತಕದಲ್ಲಿ ಸೇರಿದ್ದೇ ಕಾರಣ. ಆದ್ದರಿಂದ ಇಡೀ ಕೇಂದ್ರಕ್ಕೆ ಒಂದೇ ಎಣಿಕೆಯನ್ನು ಆರಿಸಿಕೊಳ್ಳಿ. 'ತಿಂಗಳ ಇಷ್ಟನೆಯ ವಾರ' ಎಂಬ ಎಣಿಕೆಯನ್ನು ನಾನು ಮೆಚ್ಚುತ್ತೇನೆ. ಅದರಲ್ಲಿ ಐದನೆಯ ವಾರ ಯಾರ ಪಾಲಿಗೂ ಸೇರದೆ ಉಳಿಯುತ್ತದೆ, ಆ ದಿನಗಳನ್ನು ಸುಣ್ಣಬಣ್ಣ, ದುರಸ್ತಿ, ಒಂದು ದಿನದ ಬಾಡಿಗೆ ಇಂಥವಕ್ಕೆ ನಿಶ್ಚಿಂತೆಯಿಂದ ಬಳಸಬಹುದು. ಯಾವ ಎಣಿಕೆ ಹಿಡಿದರೂ, ಮುಂದಿನ ಹನ್ನೆರಡು ತಿಂಗಳ ತಾರೀಕುಗಳನ್ನು ಒಂದೊಂದಾಗಿ ಬರೆದು ಗುಂಪಿನ ಮುಖ್ಯಸ್ಥರ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಮಾತಿನಲ್ಲಿ ಹೇಳಿದ ನಿಯಮವನ್ನು ಇಬ್ಬರು ಎರಡು ಬಗೆಯಾಗಿ ಅರ್ಥಮಾಡಿಕೊಳ್ಳಬಹುದು, ತಾರೀಕಿಗೆ ಒಂದೇ ಅರ್ಥ.

ಕೊಠಡಿಗಳು ಸಾಲುವುದಿಲ್ಲ ಎಂಬ ದೂರು ಎಲ್ಲೆಡೆ ಇದೆ. ನಿಜವಾಗಿ ಸಾಲುವುದಿಲ್ಲವೇ ಎಂದು ತಿಳಿಯಲು ಗಣಿತದಲ್ಲಿ ಒಂದು ಸರಳ ದಾರಿಯಿದೆ. ದಿನದ ಎಲ್ಲ ಕೋರಿಕೆಗಳನ್ನು ಜೋಡಣೆ ಮತ್ತು ತೆರವಿನ ಹೊತ್ತು ಸೇರಿಸಿ ಬರೆದುಕೊಂಡು, ಯಾವ ಕ್ಷಣದಲ್ಲಿ ಅತಿ ಹೆಚ್ಚು ಕಾರ್ಯಕ್ರಮಗಳು ಒಟ್ಟಿಗೆ ನಡೆಯುತ್ತಿರುತ್ತವೆ ಎಂದು ಎಣಿಸಿ. ಆ ಸಂಖ್ಯೆ 4 ಆದರೆ, ಒಂದೇ ಬಗೆಯ 4 ಕೊಠಡಿಗಳು ಇಡೀ ದಿನಕ್ಕೆ ಸಾಕು. ಆರಂಭದ ಹೊತ್ತಿನ ಕ್ರಮದಲ್ಲಿ ಒಂದೊಂದನ್ನೇ ತೆಗೆದುಕೊಂಡು ಖಾಲಿಯಿರುವ ಕೊಠಡಿಗೆ ಹಾಕುತ್ತ ಹೋದರೆ ಐದನೆಯದು ಬೇಕಾಗುವುದೇ ಇಲ್ಲ. ನಿಜವಾದ ಕೊಠಡಿಗಳು ಒಂದೇ ಬಗೆಯವಾಗಿರುವುದಿಲ್ಲ, ಒಂದರಲ್ಲಿ ಮರದ ನೆಲ, ಇನ್ನೊಂದರಲ್ಲಿ ಶೌಚಾಲಯ ಹತ್ತಿರ. ಆದರೂ ಈ ಎಣಿಕೆ ಮಾಡಿದಾಗ, ಕೊರತೆ ಇಡೀ ದಿನದ್ದಲ್ಲವೆಂದೂ ಬೆಳಗ್ಗೆ 10ರಿಂದ 12ರವರೆಗಿನದು ಮಾತ್ರವೆಂದೂ ಹಲವು ಸಲ ತಿಳಿದುಬರುತ್ತದೆ. ಒಂದು ಕೊಠಡಿಯಲ್ಲಿ ಅತಿ ಹೆಚ್ಚು ಕಾರ್ಯಕ್ರಮಗಳನ್ನು ಹಿಡಿಸಬೇಕಾದರೆ ಎಲ್ಲಕ್ಕಿಂತ ಮೊದಲು ಮುಗಿಯುವುದನ್ನು ಆರಿಸಿಕೊಳ್ಳುತ್ತ ಹೋಗಬೇಕು ಎಂಬ ಇನ್ನೊಂದು ನಿಯಮವೂ ಇದೆ, ಗಣಿತವಾಗಿ ಅದು ಸರಿ. ಆದರೆ ಅದು ಸಂಖ್ಯೆಯನ್ನಷ್ಟೇ ಹೆಚ್ಚಿಸುತ್ತದೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಕೂತು ಮಾತಾಡುವ ಎರಡು ಗಂಟೆಯ ಬಳಗವನ್ನು ಹೊರಗಿಟ್ಟು ಅರ್ಧ ಗಂಟೆಯ ನಾಲ್ಕು ಬಾಡಿಗೆಗಳನ್ನು ಒಳಗೆ ಕರೆಯುವ ಲೆಕ್ಕವನ್ನು ನಾನು ಒಪ್ಪಲಾರೆ.

ಬಳಕೆಯ ಪ್ರಮಾಣವನ್ನು ಹೇಳುವಾಗಲೂ ಎಚ್ಚರ ಬೇಕು. ವಾರಕ್ಕೆ 60 ಗಂಟೆ ತೆರೆದಿರುವ ಕೊಠಡಿ 30 ಗಂಟೆ ಬಳಕೆಯಾಗಿ, 40 ಆಸನಗಳಲ್ಲಿ ಸರಾಸರಿ 20 ತುಂಬಿದರೆ, ಅರ್ಧದಲ್ಲಿ ಅರ್ಧ, ಅಂದರೆ ನೂರಕ್ಕೆ 25ರಷ್ಟು ಬಳಕೆ. ಆಡಳಿತ ಮಂಡಳಿಯ ಸಭೆಯಲ್ಲಿ ಈ ಅಂಕಿ ಕೇಳಿದ ಕೂಡಲೇ ಮುಕ್ಕಾಲು ಪಾಲು ವ್ಯರ್ಥವಾಗುತ್ತಿದೆ ಎಂಬ ಮಾತು ಬರುತ್ತದೆ. ಆದರೆ 40 ಎಂಬ ಸಂಖ್ಯೆ ಒತ್ತೊತ್ತಾಗಿ ಸಾಲು ಹಾಕಿದ ಕುರ್ಚಿಗಳದು. ಗಾಲಿಕುರ್ಚಿಯೊಂದು ಪೂರ್ತಿ ತಿರುಗಲು ಸುಮಾರು 150 ಸೆಂಟಿಮೀಟರ್ ಅಗಲದ ಜಾಗ ಬೇಕು, ವಾಕರ್ ಹಿಡಿದವರಿಗೆ ಅಗಲವಾದ ನಡುದಾರಿ ಬೇಕು, ಎದ್ದೇಳಲು ಆಸರೆಗೆ ಕೈಯುಳ್ಳ ಕುರ್ಚಿಗಳು ಬೇಕು, ಅವು ಹೆಚ್ಚು ಜಾಗ ಹಿಡಿಯುತ್ತವೆ. ಹೀಗೆ ಜೋಡಿಸಿದಾಗ ಅದೇ ಕೊಠಡಿಗೆ 24 ಮಂದಿ ಹಿಡಿಸಿದರೆ ಹೆಚ್ಚು. ಪ್ರತಿ ಕೊಠಡಿಗೂ ಒಂದೊಂದು ಜೋಡಣೆಗೆ ಒಂದೊಂದು ಸಂಖ್ಯೆಯನ್ನು ಅಳೆದು ಬರೆದಿಡಿ. ಅಗ್ನಿಸುರಕ್ಷತೆಯ ಮಿತಿಯಂತೂ ಯಾವ ಬಾಡಿಗೆದಾರರ ಒತ್ತಾಯಕ್ಕೂ ಸಡಿಲವಾಗಬಾರದು.

ಪುಸ್ತಕ ಒಂದೇ ಇರಲಿ. ಮೇಜಿನ ಮೇಲೊಂದು ಡೈರಿ, ಕಂಪ್ಯೂಟರಿನಲ್ಲೊಂದು ಕ್ಯಾಲೆಂಡರ್, ಕಾರ್ಯದರ್ಶಿಯ ಮೊಬೈಲಿನಲ್ಲಿ ಮತ್ತೊಂದು ಇದ್ದರೆ, ಮೂರೂ ಒಂದೇ ಮಾತು ಹೇಳುವ ದಿನ ಅಪರೂಪ. ಯಾವುದು ಅಂತಿಮ ದಾಖಲೆ ಎಂದು ತೀರ್ಮಾನಿಸಿ, ಉಳಿದವನ್ನು ಅದರ ಪ್ರತಿಗಳೆಂದಷ್ಟೇ ಕಾಣಬೇಕು. ಫೋನಿನಲ್ಲಿ ಕೇಳಿದವರಿಗೆ ತಾತ್ಕಾಲಿಕವಾಗಿ ಜಾಗ ಹಿಡಿದಿಡುವುದಾದರೆ ಅದಕ್ಕೊಂದು ಕೊನೆಯ ದಿನವಿರಲಿ, ಏಳು ದಿನದೊಳಗೆ ಮುಂಗಡ ಬಾರದಿದ್ದರೆ ಜಾಗ ಬಿಟ್ಟುಹೋಗುತ್ತದೆ ಎಂದು ಅವರಿಗೆ ಆಗಲೇ ಹೇಳಿಬಿಡಬೇಕು.

ಬಾಡಿಗೆಯ ದರವನ್ನು ನಿಗದಿ ಮಾಡುವಾಗ ಮೊದಲು ಒಂದು ಗಂಟೆ ಕೊಠಡಿ ತೆರೆದಿಟ್ಟರೆ ಕೇಂದ್ರಕ್ಕೆ ಬೀಳುವ ನಿಜವಾದ ಖರ್ಚನ್ನು ಕಂಡುಕೊಳ್ಳಿ: ದೀಪ, ಫ್ಯಾನು, ಸ್ವಚ್ಛತೆ, ಬೀಗ ಹಾಕಲು ಉಳಿಯುವ ಸಿಬ್ಬಂದಿಯ ಹೆಚ್ಚುವರಿ ಕೂಲಿ, ಪೀಠೋಪಕರಣದ ಸವೆತ. ಸದಸ್ಯರೇ ನಡೆಸುವ ಬಳಗಕ್ಕೆ ಅದಕ್ಕಿಂತ ಕಡಿಮೆ, ಸೇವಾಸಂಸ್ಥೆಗಳಿಗೆ ಅಷ್ಟೇ, ಲಾಭಕ್ಕಾಗಿ ನಡೆಸುವವರಿಗೆ ಅದಕ್ಕಿಂತ ಹೆಚ್ಚು ಎಂದು ಮೂರು ಮಟ್ಟ ಮಾಡಿ ಗೋಡೆಗೆ ಹಾಕಿಬಿಟ್ಟರೆ, ಮುಖ ನೋಡಿ ದರ ಹೇಳುತ್ತಾರೆಂಬ ಆರೋಪಕ್ಕೆ ಎಡೆಯಿರುವುದಿಲ್ಲ. ಠೇವಣಿ ಹಿಂದಿರುಗಿಸುವ ಷರತ್ತು, ರದ್ದು ಮಾಡಿದರೆ ಎಷ್ಟು ಕಡಿತ, ಹಾನಿಗೆ ಯಾರು ಹೊಣೆ ಎಂಬುದೆಲ್ಲ ಬರಹದಲ್ಲಿರಬೇಕು. ಪ್ರವೇಶದ ಇಳಿಜಾರಿನ ಮೇಲೆ ಯಾವ ವಸ್ತುವನ್ನೂ ಇಡಬಾರದು ಎಂಬ ಷರತ್ತನ್ನು ನಾನು ದಪ್ಪಕ್ಷರದಲ್ಲಿ ಸೇರಿಸುತ್ತೇನೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರನ್ನು ಕಷ್ಟಪಟ್ಟು ಕಟ್ಟಿಸಿ, ಅದರ ಮೇಲೆ ಬಾಡಿಗೆದಾರರ ಹೂಕುಂಡ ಇಟ್ಟರೆ ಗಾಲಿಕುರ್ಚಿಯವರ ಪಾಲಿಗೆ ಬಾಗಿಲು ಮುಚ್ಚಿದಂತೆಯೇ.

ಬಾಡಿಗೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರುವುದು ಹಣವಲ್ಲ. ಹಿರಿಯರು ಸೇರುವ ಜಾಗವೆಂಬ ಕಾರಣಕ್ಕೇ ಅಲ್ಲಿ ಕೊಠಡಿ ಬಯಸುವವರಿದ್ದಾರೆ. ಉಚಿತ ಆರೋಗ್ಯ ಮಾಹಿತಿ, ಉಚಿತ ಉಳಿತಾಯ ಸಲಹೆ ಎಂಬ ಹೆಸರಿನಲ್ಲಿ ಸಭೆ ಕರೆದು, ಕೊನೆಯಲ್ಲಿ ದುಬಾರಿ ಸಾಧನವನ್ನೋ ಹಣ ಹೂಡುವ ಯೋಜನೆಯನ್ನೋ ಮುಂದಿಟ್ಟು, ಅಲ್ಲಿಯೇ ಸಹಿ ಹಾಕಿಸಿಕೊಳ್ಳುವ ಪದ್ಧತಿ ಅನೇಕ ದೇಶಗಳಲ್ಲಿ ಕಂಡುಬಂದಿದೆ. ನಮ್ಮ ಕಟ್ಟಡದೊಳಗೆ ನಡೆದ ಮಾತ್ರಕ್ಕೆ, ಕೇಂದ್ರವೇ ಇವರನ್ನು ಕರೆಸಿದೆ ಎಂದು ಸದಸ್ಯರು ನಂಬುತ್ತಾರೆ, ಹಾಗೆ ನಂಬುವುದು ಸಹಜವೂ ಹೌದು. ಆದ್ದರಿಂದ ಮಾರಾಟ, ಮುಂಗಡ ಸ್ವೀಕಾರ, ಫೋನ್ ಸಂಖ್ಯೆ ಮತ್ತು ವಿಳಾಸ ಸಂಗ್ರಹ ಇವು ಮೂರೂ ಇಂಥ ಸಭೆಗಳಲ್ಲಿ ನಡೆಯಬಾರದೆಂಬ ಷರತ್ತು ಬಾಡಿಗೆ ಪತ್ರದಲ್ಲಿ ಇರಲೇಬೇಕು, ಕೇಂದ್ರದ ಕಡೆಯವರೊಬ್ಬರು ಸಭೆಯಲ್ಲಿ ಕೂರಬೇಕು. ಈ ಷರತ್ತು ಓದಿದ ಮೇಲೆ ಕೆಲವರು ಕೊಠಡಿ ಬೇಡವೆಂದು ಹಿಂದಿರುಗಿದ್ದಾರೆ. ಆ ಬಾಡಿಗೆ ತಪ್ಪಿದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ವೇಳಾಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಓದಲಾಗದಿದ್ದರೆ ಪ್ರಯೋಜನವಿಲ್ಲ. ಅರವತ್ತರ ಹರೆಯದ ಕಣ್ಣಿನ ಒಳಪದರಕ್ಕೆ ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು ಬೆಳಕು ಮಾತ್ರ ತಲುಪುತ್ತದೆ. ಕಣ್ಣಿನ ಮಸೂರ ಹಳದಿಗೆ ತಿರುಗುವುದರಿಂದ ತಿಳಿ ನೀಲಿಗೂ ತಿಳಿ ಹಸಿರಿಗೂ ವ್ಯತ್ಯಾಸ ಹೇಳುವುದು ಕಷ್ಟ. ಕೊಠಡಿಗೊಂದು ತಿಳಿಬಣ್ಣ ಹಚ್ಚಿದ ಚೆಂದದ ಪಟ್ಟಿಗಿಂತ, ಬಿಳಿಯ ಮೇಲೆ ಕಪ್ಪು ಅಕ್ಷರದಲ್ಲಿ, ಕೈಗೆ ಕೊಡುವ ಹಾಳೆಯಲ್ಲಿ 18 ಪಾಯಿಂಟಿಗೆ ಕಡಿಮೆಯಿಲ್ಲದಂತೆ, ಗೋಡೆಯ ಮೇಲೆ ಅದಕ್ಕೂ ಹಲವು ಪಟ್ಟು ದೊಡ್ಡದಾಗಿ ಬರೆದದ್ದು ಮೇಲು. ಅದನ್ನು ದೀಪದ ಕೆಳಗೆ, ಕುಳಿತವರ ಕಣ್ಣಿನ ಎತ್ತರಕ್ಕೆ ತೂಗುಹಾಕಿ. ಸದಸ್ಯರ ಹೆಸರು, ಫೋನ್ ಸಂಖ್ಯೆ ಅದರಲ್ಲಿ ಬೇಡ, ಗುಂಪಿನ ಹೆಸರು ಸಾಕು.

ಕೊಠಡಿಯನ್ನು ಬದಲಿಸಲೇಬೇಕಾದ ದಿನಗಳೂ ಬರುತ್ತವೆ. ನೀರು ಸೋರಬಹುದು, ವಿದ್ಯುತ್ ಹೋಗಬಹುದು, ತುರ್ತು ಸಂದರ್ಭದಲ್ಲಿ ಇಡೀ ಕಟ್ಟಡವೇ ಆಶ್ರಯ ತಾಣವಾಗಬಹುದು. ಈಗ ನಾವು ಮಾಡುವುದು ಇಷ್ಟು: ಹಿಂದಿನ ವಾರವೇ ಗುಂಪಿನ ಮುಂದೆ ನಿಂತು ಹೇಳುತ್ತೇವೆ, ಹಿಂದಿನ ಸಂಜೆ ಪ್ರತಿಯೊಬ್ಬರಿಗೂ ಫೋನ್ ಮಾಡುತ್ತೇವೆ, ಆ ದಿನ ಹಳೆಯ ಕೊಠಡಿಯ ಬಾಗಿಲ ಬಳಿ ಒಂದು ಕುರ್ಚಿ ಹಾಕಿ ಸಿಬ್ಬಂದಿಯೊಬ್ಬರನ್ನು ಕಾರ್ಯಕ್ರಮ ಶುರುವಾಗಿ ಅರ್ಧ ಗಂಟೆಯಾಗುವವರೆಗೂ ಕೂರಿಸುತ್ತೇವೆ. ಅಭ್ಯಾಸದಂತೆ ಅಲ್ಲಿಗೆ ಬಂದವರನ್ನು ಅವರು ಹೆಸರು ಹಿಡಿದು ಕರೆದು, ಹೊಸ ಕೊಠಡಿಯವರೆಗೆ ಜೊತೆಯಲ್ಲಿ ನಡೆದು ಬಿಟ್ಟುಬರುತ್ತಾರೆ. ಆ ಅರ್ಧ ಗಂಟೆಯ ಕೂಲಿಯನ್ನು ನಾನು ಕೊಠಡಿ ನಿರ್ವಹಣೆಯ ಖರ್ಚಿನಲ್ಲಿಯೇ ಬರೆಯುತ್ತೇನೆ.